ದೋಣಿಯ ಮೊದಲ ತುತ್ತು

ಈ ಕಥೆಯನ್ನು ಮೊದಲು ಹೇಳಿದವಳು ಲಾಲ್‌ಬೀ. ಫಸಲಿ 1355ರ, ಅಂದರೆ 1946ರ, ಹತ್ತಿ ಬಿಡಿಸುವ ಕಾಲದಲ್ಲಿ, ಮಸ್ಕಿಗೆ ಹತ್ತಿರದ ನವಿಲಮರಡಿಯ ಎರೆಹೊಲದಲ್ಲಿ, ಹೆಂಗಸರು ಬೇವಿನ ನೆರಳಿಗೆ ಕೂತು ಬುತ್ತಿ ಬಿಚ್ಚಿದ್ದರು. ಬುತ್ತಿಯ ವಾಸನೆಗೆ ಬಂದ ನಾಯಿಗೆ ಒಬ್ಬಾಕೆ ಹೊಡೆಯಲು ಮಣ್ಣಿನ ಹೆಂಟೆ ಎತ್ತಿದಳು. ಲಾಲ್‌ಬೀ ಅವಳ ಕೈ ಹಿಡಿದು, "ತಡಿಯವ್ವಾ, ಅದು ಯಾರ ಮೊಮ್ಮಗ ಅಂತ ಗೊತ್ತೈತೇನು ನಿನಗ?" ಎಂದು ಕಥೆ ತೆಗೆದಳು.

ಲಾಲ್‌ಬೀಯ ತಂದೆ ಗೌಸ್‌ಸಾಬರು ನಿಜಾಮರ ಕಾಲದಲ್ಲಿ ಆ ಊರಿನ ಮಾಸ್ತರರು. ಓದು ಬಾರದ ಕುರಿಗಾರ ಹೆಂಗಸು ಯಮನಮ್ಮ ಹೇಳಿದ್ದನ್ನು ಅವರು ಕಾಗದಕ್ಕೆ ಇಳಿಸುತ್ತಿದ್ದರು. ಲಿಂಗಸುಗೂರಿನಿಂದ ಅವಳ ತಮ್ಮ ದ್ಯಾವಪ್ಪ ಬರೆದದ್ದನ್ನು ಓದಿ ಹೇಳುತ್ತಿದ್ದರು. ಮಗಳು ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಕಾಗದಗಳನ್ನು ಗೆದ್ದಲು ತಿಂದವು. ಲಾಲ್‌ಬೀಯ ಬಾಯಲ್ಲಿ ಅವು ಹಾಗೇ ಉಳಿದವು.

ದ್ಯಾವಪ್ಪ ಗೊರವ, ಮೈಲಾರಲಿಂಗನ ದೀಕ್ಷೆ ಪಡೆದವನು. ಹರಕೆ ಹೊತ್ತ ಮನೆಯವರು ಕಂಬಳಿ ಹಾಸಿ, ಮರದ ದೋಣಿಯಲ್ಲಿ ರೊಟ್ಟಿ, ಬೆಲ್ಲ, ಹಾಲು, ತುಪ್ಪ ಕಲಸಿ ಇಟ್ಟರೆ ಗೊರವರು ದೇವರ ನಾಯಿಗಳಾಗಿ, ಮೊಣಕಾಲೂರಿ, ಬೊಗಳುತ್ತ, ದೋಣಿಗೆ ಬಾಯಿ ಹಾಕಿ ಉಣ್ಣುತ್ತಾರೆ. ಇಷ್ಟು ತಿಳಿದರೆ ಸಾಕು. ಉಳಿದದ್ದನ್ನು ಅಕ್ಕ ತಮ್ಮಂದಿರೇ ಹೇಳುತ್ತಾರೆ.

*

ನವಿಲಮರಡಿ
ಕಾರ್ತಿಕ ಬಹುಳ ಸಪ್ತಮಿ, ಫಸಲಿ 1349

ತಮ್ಮ ದ್ಯಾವಪ್ಪನಿಗೆ ಅಕ್ಕ ಯಮನಮ್ಮ ಬರೆಸುವುದೇನೆಂದರೆ, ನಾನು ಕ್ಷೇಮ, ಕುರಿಗಳು ಕ್ಷೇಮ, ಹಂಡ್ಯಾ ಇಲ್ಲ.

ಮುಪ್ಪಾಗಿ ಸತ್ತನೆಂದು ತಿಳಿಯಬೇಡ. ಪೊಲೀಸ್ ಪಾಟೀಲ ಅಮರೇಗೌಡ ಕೊಂದ. ಎಲ್ಲಿಯೋ ಹುಚ್ಚು ನಾಯಿ ಕಡಿದು ಒಬ್ಬ ಸತ್ತನಂತೆ, ಊರ ನಾಯಿಗಳನ್ನು ಕೊಲ್ಲಲು ಮೇಲಿನಿಂದ ಹುಕುಂ ಬಂದಿದೆಯಂತೆ. ಆ ಹುಕುಮನ್ನು ಕಣ್ಣಿಂದ ಕಂಡವರಿಲ್ಲ. ಎಲ್ಲರೂ ಕಂಡದ್ದು ಬೇರೆ. ದಸರೆಗೆ ಮುಂಚೆ ಗೌಡನ ಆಳು ನನ್ನ ಕುರಿಹಟ್ಟಿಯಿಂದ ಮರಿ ಹೊತ್ತುಕೊಂಡು ಹೋಗುವಾಗ ಹಂಡ್ಯಾ ಅವನ ಮೀನಖಂಡ ಹಿಡಿದಿದ್ದ. ಆಳು ಕುಂಟುತ್ತ ಹೋದದ್ದನ್ನು ಊರೆಲ್ಲ ನೋಡಿ ನಕ್ಕಿತ್ತು.

ಮೊದಲು ತಳವಾರನ ಕೈಯಲ್ಲಿ ಮಾಂಸದ ತುಂಡು ಬೀದಿಗೆ ಹಾಕಿಸಿದರು. ಊರ ನಾಯಿಗಳು ತಿಂದು ಸಂತೆಯ ಹೊತ್ತಿಗೆ ಬಾವಿಕಟ್ಟೆಯ ಸುತ್ತ ಬಿದ್ದಿದ್ದವು. ನನ್ನ ಎರಡು ನಾಯಿಗಳು, ಹಂಡ್ಯಾನೂ ಬೂದಿಯೂ, ಮೂಸಲಿಲ್ಲ. ಕುರಿ ಕಾಯುವ ನಾಯಿ ನೆಲದ ಮೇಲಿನ ಮಾಂಸ ಮುಟ್ಟುವುದಿಲ್ಲವೆಂದು ನಿನಗೆ ಗೊತ್ತು. ಗೌಡನಿಗೂ ಗೊತ್ತಿತ್ತು. ಮರುದಿನ ತಾನೇ ನನ್ನ ಹಟ್ಟಿಗೆ ಬಂದ. ಕಂಬಳಿಯ ಮೇಲೆ ಕೂತ. ರೊಟ್ಟಿಗೆ ತುಪ್ಪ ಬೆಲ್ಲ ಕಲಸಿದ ಉಂಡೆ ತಂದಿದ್ದ.

"ಯಮನಮ್ಮ, ನಿನ್ನ ನಾಯಿ ಶ್ಯಾಣ್ಯಾ ಅದಾವ. ಇವನ್ನ ಕೊಲ್ಲೂದು ಬ್ಯಾಡಂತ ನಾನ ಹೇಳೀನಿ" ಎಂದು ಕೈ ಚಾಚಿದ.

ಹಂಡ್ಯಾ ಅವನ ಕೈಯನ್ನು ನೋಡಿ, ನನ್ನ ಮುಖ ನೋಡಿದ. ಅಪ್ಪಣೆ ಇಲ್ಲದೆ ತಿನ್ನುವವನಲ್ಲ.

"ನಿನ್ನ ಮಾತಿಗೆ ಕಾಯಾಕತ್ತೈತಲ್ಲಬೇ. ಹೇಳು" ಎಂದ ಗೌಡ.

"ತಿನ್ನಲೇ, ಗೌಡ್ರು ಕೊಡಾಕತ್ತಾರ" ಎಂದೆ.

ತಮ್ಮಾ, ಅವನು ಬರೀ ವಿಷ ಹಾಕಲಿಲ್ಲ. ನನ್ನ ಬಾಯಿಂದ ಹಾಕಿಸಿದ. ಬೂದಿ ಅರ್ಧ ಉಂಡೆ ನುಂಗಿದ್ದಳು. ಪಕ್ಕದ ಮನೆಯ ಹಸೀನಾಬೀ ಓಡಿ ಬಂದು ಅಂಟುವಾಳದ ನೀರು ಹೊಯ್ದು ಕಕ್ಕಿಸಿದಳು, ಬದುಕಿದಳು. ಹಂಡ್ಯಾ ನನ್ನ ತೊಡೆಯ ಮೇಲೆ ಹೋದ, ಕೊನೆಯವರೆಗೂ ನನ್ನ ಮುಖವನ್ನೇ ನೋಡುತ್ತ.

ನೀನು ದೇವರ ಮುಂದೆ ನಾಯಿಯಾಗಿ ಬೊಗಳುವವನು. ನಿನ್ನ ಕುಲದವನನ್ನು ಕೊಂದಿದ್ದಾನೆ. ಏನು ಮಾಡುತ್ತೀ, ಬರೆ. ಅವನ ಬಣವೆಗೆ ಬೆಂಕಿ ಇಡಬೇಕೆಂದು ನನ್ನ ಕೈ ತುರಿಸುತ್ತದೆ. ಊರೆಲ್ಲ ನೋಡುತ್ತಿರುವಾಗ ಅವನು ನನ್ನ ನಾಯಿಯ ಮುಂದೆ ಮಣ್ಣಿನಲ್ಲಿ ಕೂರಬೇಕು. ಅಲ್ಲಿಯವರೆಗೆ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ.

(ಇಲ್ಲಿ ಯಮನಮ್ಮ ಗೌಡನಿಗೆ ಬೈದದ್ದನ್ನು ನಾನು ಬರೆದಿಲ್ಲ. ಶಾಲೆಯ ಶಾಯಿ. — ಗೌಸ್‌ಸಾಬ್)

ನಿನ್ನ ಅಕ್ಕ
ಯಮನಮ್ಮ, ಬೆರಳೊತ್ತು

*

ಲಿಂಗಸುಗೂರು
ಕಾರ್ತಿಕ ಅಮಾವಾಸ್ಯೆ, ಫಸಲಿ 1349

ಅಕ್ಕ ಯಮನಮ್ಮನಿಗೆ ದ್ಯಾವಪ್ಪನ ಶರಣು.

ಕಾಗದ ಮುಟ್ಟಿತು. ಹಂಡ್ಯಾನ ಸುದ್ದಿ ಓದಿ ಮನೆಯಲ್ಲಿ ಎಲ್ಲರಿಗೂ ಕೆಟ್ಟದೆನಿಸಿತು. ಆದರೆ ಅಕ್ಕಾ, ಬೆಂಕಿಯ ಮಾತು ಬಿಡು. ಬಣವೆ ಸುಟ್ಟರೆ ನಿನ್ನನ್ನು ಕೈಕಟ್ಟಿ ಒಯ್ಯುವವನೂ ಅದೇ ಗೌಡ. ನಾಯಿ ಹೋಯಿತು, ಇನ್ನೊಂದು ನಾಯಿ ಸಿಗುತ್ತದೆ. ಕುರಿಗಳನ್ನು ನಮ್ಮ ಕಡೆ ಹೊಡೆದುಕೊಂಡು ಬಾ, ಇಲ್ಲಿ ಈ ಸಲ ಹುಲ್ಲು ಚೆನ್ನಾಗಿದೆ.

ಇನ್ನೊಂದು ಮಾತು. ನನ್ನ ಮೇಲೆ ಸಿಟ್ಟಾಗಬೇಡ. ಅಮರೇಗೌಡನ ಮನೆಯಿಂದ ದೋಣಿಗೆ ಹೇಳಿಕೆ ಬಂದಿದೆ. ಪಾಟೀಲ್ಕಿಗಾಗಿ ಅವನ ದಾಯಾದಿ ತಕರಾರು ಹಾಕಿದ್ದನಲ್ಲ, ಅದು ತನ್ನ ಕೈಯಲ್ಲೇ ಉಳಿದರೆ ಮಾಘದ ಭಾರತ ಹುಣ್ಣಿಮೆಯೊಳಗೆ ದೋಣಿ ತುಂಬಿಸುತ್ತೇನೆಂದು ಹರಕೆ ಹೊತ್ತಿದ್ದನಂತೆ. ಉಳಿದಿದೆ. ಕರೆದ ಮನೆಗೆ ಗೊರವ ಬರುವುದಿಲ್ಲ ಎನ್ನುವಂತಿಲ್ಲ. ದೀಕ್ಷೆ ಕೊಡುವಾಗ ಗುರು ಹೇಳಿಸಿದ ಮೊದಲ ಮಾತೇ ಅದು.

ನಿನ್ನ ತಮ್ಮ
ದ್ಯಾವಪ್ಪ

*

ನವಿಲಮರಡಿ
ಮಾರ್ಗಶಿರ ಬಹುಳ ತದಿಗೆ, ಫಸಲಿ 1349

ಗೊರವ ದ್ಯಾವಪ್ಪನವರಿಗೆ.

'ಇನ್ನೊಂದು ನಾಯಿ ಸಿಗುತ್ತದೆ' ಎಂದು ಬರೆದಿದ್ದೆ. ಸಿಕ್ಕವು. ಅದಕ್ಕೇ ಇಷ್ಟು ದಿನ ಬರೆಸಲು ಬಿಡುವಾಗಲಿಲ್ಲ.

ಗೌಡನ ವಿಷಕ್ಕೆ ಸಿಗದೆ ಹೊಲ, ಹಳ್ಳ ಸೇರಿದ್ದ ನಾಯಿಗಳು ಒಂದೊಂದೇ ನನ್ನ ಹಟ್ಟಿಯ ಬೇಲಿಗೆ ಬಂದವು. ಒಂದಕ್ಕೆ ತಳವಾರನ ಬಡಿಗೆಯ ಏಟಿಗೆ ಕಾಲು ಮುರಿದಿದೆ. ಒಂದು ಹೆತ್ತು ಮರಿಗಳ ಸಮೇತ ಬಂದಿದೆ. ಅವಕ್ಕೆ ಹಗಲೆಲ್ಲ ಕಂಬಳಿ ಮುಚ್ಚಿ ಕುರಿಗಳ ನಡುವೆ ಮಲಗಿಸುತ್ತೇನೆ. ನಾನೊಬ್ಬಳೇ ಸಾಕುತ್ತಿದ್ದೇನೆಂದು ತಿಳಿಯಬೇಡ. ಹಸೀನಾಬೀ ದಿನವೂ ನುಚ್ಚಿನ ಗಂಜಿ ಕಾಯಿಸಿ ತರುತ್ತಾಳೆ. ಚಮ್ಮಾರ ಲಾಲಪ್ಪ ಮುರಿದ ಕಾಲಿಗೆ ಬಿದಿರ ದಬ್ಬೆ ಇಟ್ಟು ಚಪ್ಪಲಿಯ ತೊಗಲಿನಲ್ಲಿ ಕಟ್ಟಿದ್ದಾನೆ. "ಗೌಡರ ಜೋಡಿಗೆ ಕೊಯ್ದ ತೊಗಲು ಐತಿ ಯಕ್ಕಾ, ಗೌಡರು ಇನ್ನಷ್ಟು ದಿನ ಹಳೇ ಜೋಡಿನ್ಯಾಗ ಅಡ್ಡಾಡಲಿ" ಎನ್ನುತ್ತಾನೆ. ಬಳೆ ಮಾರುವ ಖಾಸಿಂಬೀ ಮರಿಗಳನ್ನು ಬುಟ್ಟಿಯಲ್ಲಿ ಬಳೆಯ ಮಲಾರದ ಕೆಳಗೆ ಅಡಗಿಸಿ ಸಿಂಧನೂರಿಗೂ ಬಳಗಾನೂರಿಗೂ ಒಯ್ದು, ಬೇಕೆಂದವರ ಮನೆಗೆ ಕೊಟ್ಟು ಬರುತ್ತಾಳೆ. ಬಳೆ ಹೆಚ್ಚು ಮಾರಿದಳೋ ಮರಿ ಹೆಚ್ಚು ಕೊಟ್ಟಳೋ ಅವಳಿಗೇ ಲೆಕ್ಕವಿಲ್ಲ. ಕಣ್ಣು ಕಾಣದ ಮುದುಕಮ್ಮ ಏನೂ ಮಾಡಲಾರೆನೆಂದು ಅಳುತ್ತಿದ್ದಳು. ಈಗ ಗಾಯ ತೊಳೆಯುವಾಗ ನಾಯಿಯ ತಲೆ ಅವಳ ಮಡಿಲಲ್ಲಿರುತ್ತದೆ. ಅವಳ ಕೈ ತಾಗಿದರೆ ಯಾವ ನಾಯಿಯೂ ಹಲ್ಲು ತೋರಿಸುವುದಿಲ್ಲ.

ಇನ್ನು ತಳವಾರ ದುರುಗಪ್ಪ. ಬಡಿಗೆ ಬೀಸಿದವನೇ ಅವನು. ನಾಯಿ ಹುಡುಕಿ ಬಾ ಎಂದು ಗೌಡ ಕಳಿಸಿದರೆ, ಊರ ಬಾಗಿಲಿನಿಂದಲೇ ಕ್ಷಯದವನಂತೆ ಕೆಮ್ಮುತ್ತ ಬರುತ್ತಾನೆ. ನಾವು ಕಂಬಳಿ ಮುಚ್ಚುವವರೆಗೂ ಕೆಮ್ಮುತ್ತಾನೆ. "ಇಲ್ಲೇನೂ ಇಲ್ಲಲ್ಲಬೇ ಯಮನಕ್ಕ?" ಎಂದು ಜೋರಾಗಿ ಕೇಳಿ, ಉಡಿಯಿಂದ ಒಂದು ರೊಟ್ಟಿ ಬೀಳಿಸಿ ಹೋಗುತ್ತಾನೆ.

ಅಷ್ಟೇ ಅಲ್ಲ. ನನ್ನ ಹಿತ್ತಲ ಗೋಡೆಯ ಮೇಲೆ ದಿನವೂ ಒಂದು ಮಗಿ ಮಜ್ಜಿಗೆ ಇರುತ್ತದೆ. ಇಟ್ಟವರು ಯಾರೆಂದು ನಾಲ್ಕು ದಿನ ಕಾದು ನೋಡಿದೆ. ಗೌಡನ ಸೊಸೆ, ಗದ್ದೆಮ್ಮ. ಈಗ ಕತ್ತಲಾದ ಮೇಲೆ ಕದ್ದು ಹಟ್ಟಿಗೂ ಬರುತ್ತಾಳೆ.

ಬೂದಿಯ ಒಂದು ಮಾತು ಬರೆಸುತ್ತೇನೆ. ಆ ಉಂಡೆಯ ದಿನದಿಂದ ಅವಳು ಯಾರ ಕೈಯಿಂದಲೂ ನೇರವಾಗಿ ತಿನ್ನುವುದಿಲ್ಲ. ಕೊಡುವವರು ಅದರಲ್ಲೇ ಒಂದು ತುತ್ತು ತಾವು ತಿನ್ನಬೇಕು. ಬಾಯಲ್ಲಿಟ್ಟು ಮೋಸ ಮಾಡಿದರೆ ನುಂಗುವವರೆಗೆ ಗಂಟಲನ್ನೇ ನೋಡುತ್ತ ಕೂರುತ್ತಾಳೆ. ಒಬ್ಬರ ಮನೆಯ ನೀರು ಒಬ್ಬರು ಮುಟ್ಟದ ಊರಲ್ಲಿ ನಾನು, ಹಸೀನಾಬೀ, ಲಾಲಪ್ಪ, ಗದ್ದೆಮ್ಮ ಎಲ್ಲರೂ ಈಗ ಒಂದೇ ಬೋಗುಣಿಯಿಂದ ತಿನ್ನುತ್ತಿದ್ದೇವೆ. ಈ ಮಾತನ್ನು ನೀನು ಯಾರಿಗೂ, ಅದರಲ್ಲೂ ಗೌಡನಿಗೆ, ಹೇಳಬಾರದು. ನಿನ್ನ ಭಂಡಾರದ ಆಣೆ.

ಈಗ ನನ್ನ ಪ್ರಶ್ನೆ. ಗೊರವರು ದೋಣಿಗೆ ಬಾಯಿ ಹಾಕುವ ಮುಂಚೆ ಮೊದಲ ತುತ್ತು ಊರ ನಾಯಿಗೆ ಹೋಗಬೇಕಲ್ಲವೇ? ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನವಿಲಮರಡಿಯಲ್ಲಿ ಊರ ನಾಯಿ ಎಲ್ಲಿದೆ?

ಯಮನಮ್ಮ, ಬೆರಳೊತ್ತು

*

ಲಿಂಗಸುಗೂರು
ಪುಷ್ಯ ಶುದ್ಧ ಪಂಚಮಿ, ಫಸಲಿ 1349

ಅಕ್ಕನಿಗೆ ಶರಣು.

ನಿನ್ನ ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದೆ. ನಾನು ಗೊರವನಾಗಿದ್ದೂ ಈ ಯೋಚನೆ ನನಗೇ ಬಂದಿರಲಿಲ್ಲ.

ಗೌಡ ಮೊನ್ನೆ ಇಲ್ಲಿಗೆ ಕುದುರೆಯ ಮೇಲೆ ಬಂದಿದ್ದ. ಮೊದಲ ತುತ್ತಿನ ಕಟ್ಟುಪಾಡು ಏನೆಂದು ಕೇಳಿದ. ಸುಳ್ಳು ಹೇಳಲಾರೆ, ಇದ್ದದ್ದನ್ನು ಹೇಳಿದೆ. ಊರ ನೀರು ಕುಡಿದ ನಾಯಿ ಬೇಕು. ಕೊರಳಿಗೆ ಹಗ್ಗ ಇರಬಾರದು, ತಾನಾಗಿ ನಡೆದು ಬರಬೇಕು. ಹರಕೆಯ ಮನೆಯವರ ಕೈಯಿಂದ ಮೊದಲ ತುತ್ತು ತಿನ್ನಬೇಕು. ಯಾರ ಕೈಯಿಂದ ತಿಂದಿತೋ ದೋಣಿ ಅವರ ಹೆಸರಿನದು. ನಾಯಿ ತಿನ್ನುವ ತನಕ ಗೊರವರು ಮುಟ್ಟುವಂತಿಲ್ಲ.

ಗೌಡ ಮೀಸೆ ತಿರುವಿದ. ಆಮೇಲೆ, "ನಾಯೀಗೇನು ಬರ? ಸಿಂಧನೂರ ಸಂತ್ಯಾಗ ಒಂದು ಹಿಡದು ತಂದು ಊರ ನೀರು ಕುಡಿಸಿದರಾತು" ಎಂದು ನಕ್ಕ. ನಗುವಾಗ ನನ್ನ ಮುಖ ನೋಡಲಿಲ್ಲ. ದಾಯಾದಿ ಹೊಂಚು ಹಾಕಿ ಕೂತಿದ್ದಾನೆ. ಹರಕೆ ತೀರದಿದ್ದರೆ ದೇವರೇ ಪಾಟೀಲ್ಕಿ ಒಪ್ಪಲಿಲ್ಲವೆಂದು ಊರೂರಿಗೆ ಸಾರುತ್ತಾನೆ.

ನಿನ್ನ ಆಣೆಗೆ ಕಟ್ಟುಬಿದ್ದು ಬೂದಿಯ ಮಾತು ಹೇಳಲಿಲ್ಲ. ಆದರೆ ನನ್ನನ್ನು ಇಬ್ಬರ ನಡುವೆ ನಿಲ್ಲಿಸಬೇಡ ಅಕ್ಕಾ.

ನಿನ್ನ ತಮ್ಮ
ದ್ಯಾವಪ್ಪ

*

ನವಿಲಮರಡಿ
ಪುಷ್ಯ ಹುಣ್ಣಿಮೆಯ ಮರುದಿನ, ಫಸಲಿ 1349

ತಮ್ಮ ದ್ಯಾವಪ್ಪನಿಗೆ.

ಇವತ್ತು ನನಗೆ ಹಸಿವಾಗಿದೆ. ಹಂಡ್ಯಾ ಹೋದ ಮೇಲೆ ಇದೇ ಮೊದಲು.

ಸಿಂಧನೂರಿನ ನಾಯಿಯ ಕಥೆ ಮೊದಲು ಕೇಳು. ಗೌಡ ಅದನ್ನು ಗಾಡಿಯಲ್ಲಿ ಗಾದಿ ಹಾಸಿ ಕರೆತಂದ. ವಾಡೆಯ ಅಂಗಳದಲ್ಲಿ ಹಾಲು ಕುಡಿಸಿದ. ನಾಯಿ ಕುಡಿಯಿತು. ಹಗ್ಗ ಬಿಚ್ಚಿ ಪರೀಕ್ಷೆ ಮಾಡೋಣವೆಂದು ಬಿಚ್ಚಿದರು. ಅದು ಬಾವಿಕಟ್ಟೆಯವರೆಗೆ ನಡೆದು, ಅಲ್ಲಿ ಸತ್ತ ನಾಯಿಗಳು ಬಿದ್ದಿದ್ದ ನೆಲ ಮೂಸಿ, ಕಿವಿ ಮಡಚಿ, ಒಂದೇ ಓಟಕ್ಕೆ ನನ್ನ ಹಟ್ಟಿಗೆ ಬಂತು. ಲಾಲಪ್ಪ ಅದಕ್ಕೆ 'ಪಾಟೀಲ' ಎಂದು ಹೆಸರಿಟ್ಟಿದ್ದಾನೆ. "ಏ ಪಾಟೀಲಾ, ಬಾಲ ಅಲ್ಲಾಡಸಲೇ" ಎಂದು ಓಣಿಗೆ ಕೇಳುವಂತೆ ಕೂಗುತ್ತಾನೆ.

ಆಮೇಲೆ ಗೌಡ ಬಂದ. ಕುದುರೆ ಬಿಟ್ಟು, ನಡೆದು. ಓಣಿಯ ಬಾಗಿಲುಗಳೆಲ್ಲ ತೆರೆದವು.

"ಯಮನಮ್ಮ, ನಿನ್ನ ಹತ್ರ ಊರ ನಾಯಿ ಒಂದು ಉಳದೈತಂತಲ್ಲ."

"ಎಲ್ಲಿ ಬಂತ್ರಿ ಗೌಡ್ರ? ಊರಾಗ ಒಂದೂ ನಾಯಿ ಉಳದಿಲ್ಲಂತ ನೀವ ಮ್ಯಾಲೆ ಬರದು ಕಳಿಸೀರಲ್ರಿ."

"ಚ್ಯಾಷ್ಟಿ ಬ್ಯಾಡ. ಏನು ಬೇಕು ಕೇಳು, ಕೊಡ್ತೀನಿ."

"ನಾಯಿ ನಂದಲ್ರಿ ಕೊಡಾಕ. ಯಾರು ಅದರ ಕೆಲಸ ಮಾಡ್ಯಾರ, ಅವರದು. ಹಸೀನಾಬೀದು ಐತಿ, ಲಾಲಪ್ಪಂದು ಐತಿ, ಮುದುಕಮ್ಮಂದು ಐತಿ. ನಿಮ್ದೂ ಆಗಬೇಕಂದ್ರ ಅವರು ಮಾಡಿದ್ದನ್ನ ನೀವೂ ಮಾಡ್ರಿ."

"ಏನು ಮಾಡಬೇಕಂತಿ?"

"ಬೂದಿ ಕಿವ್ಯಾಗ ಉಣ್ಣಿ ಅದಾವ. ಕುಂದರ್ರಿ."

ಕಂಬಳಿ ಹಾಸಲಿಲ್ಲ. ಅವನು ನಿಂತ. ಓಣಿ ನೋಡುತ್ತಿತ್ತು. ದಾಯಾದಿಯ ಆಳೊಬ್ಬ ಬೇಲಿಯ ಆಚೆ ಬಂದು ಬೀಡಿ ಹಚ್ಚಿದ. ಗೌಡ ಅವನನ್ನು ನೋಡಿದ, ನನ್ನನ್ನು ನೋಡಿದ, ಧೋತರ ಎತ್ತಿ ಮಣ್ಣಿನಲ್ಲಿ ಕೂತ.

ಅವತ್ತಿನಿಂದ ದಿನವೂ ಬರುತ್ತಾನೆ. ಉಣ್ಣಿ ತೆಗೆದ. ಹಳ್ಳದಿಂದ ನೀರು ಹೊತ್ತ. ಮುರಿದ ಕಾಲಿನ ನಾಯಿಯ ಹುಣ್ಣಿಗೆ ಬೇವಿನ ಎಣ್ಣೆ ಹಚ್ಚಿದ. ಕಜ್ಜಿ ನಾಯಿಗೆ ಗಂಧಕ ತಿಕ್ಕುವಾಗ ಮುಖ ತಿರುವಿದ್ದಕ್ಕೆ ಮುದುಕಮ್ಮ, "ಗೌಡ್ರ ಕೈ ಯಾಕ ನಿಂತೈತಿ? ಕಣ್ಣಿಲ್ಲದಾಕಿ ನಾನ, ನಿಮಗೇನಾಗೈತಿ?" ಎಂದಳು. ಮುಸುಕಿನಲ್ಲೇ ಎಲ್ಲರೂ ನಕ್ಕೆವು. ಒಂದು ಮರಿ ಹೊಟ್ಟೆ ಉಬ್ಬಿ ಸತ್ತಿತು; ಗುಂಡಿ ತೋಡುವ ಕೆಲಸವೂ ಅವನದೇ. ಹಂಡ್ಯಾನನ್ನು ಹೂತ ಜಾಗದ ಪಕ್ಕದಲ್ಲೇ ತೋಡಿಸಿದೆ.

ಬೂದಿ ಅವನ ಕೈಗೆ ಮೈ ಕೊಡುತ್ತಾಳೆ. ಬಾಯಿ ಕೊಡುವುದಿಲ್ಲ. ಅವನಿಗೆ ಅದು ಇನ್ನೂ ಗೊತ್ತಿಲ್ಲ. ನಾಯಿ ಪಳಗಿತೆಂದು ತಿಳಿದು ಬರುವ ಆದಿತ್ಯವಾರಕ್ಕೆ ನಿಮಗೆ ಹೇಳಿಕೆ ಕಳಿಸುತ್ತಿದ್ದಾನೆ.

ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಟ್ಟಲು ತೆಗೆದೆ. ಹಚ್ಚಲಿಲ್ಲ. ಅವನು ಮಣ್ಣಿನಲ್ಲಿ ಕೂತ, ಹಂಡ್ಯಾ ಎದ್ದು ಬರಲಿಲ್ಲ.

ನಿನ್ನ ಅಕ್ಕ
ಯಮನಮ್ಮ, ಬೆರಳೊತ್ತು

*

ಲಿಂಗಸುಗೂರು
ಮಾಘ ಶುದ್ಧ ಪಾಡ್ಯ, ಫಸಲಿ 1349

ಅಕ್ಕನಿಗೆ.

ನೀನು ಆದಿತ್ಯವಾರ ಬರಲಿಲ್ಲ. ಬೂದಿಯನ್ನು ಲಾಲಪ್ಪನ ಹಿಂದೆ ಕಳಿಸಿ ಹಟ್ಟಿಯಲ್ಲೇ ಕೂತೆ. ಆದ್ದರಿಂದ ನಾನೇ ಬರೆಯುತ್ತೇನೆ, ಓದಿಸಿಕೋ.

ಗೌಡ ದೋಣಿಯನ್ನು ಕಡಿಮೆ ಮಾಡಿರಲಿಲ್ಲ. ತುಪ್ಪ ಅಂಚಿಗೆ ನಿಂತಿತ್ತು. ನಾವು ಕರಡಿ ಕೂದಲಿನ ಟೊಪ್ಪಿಗೆ, ಕರೇ ಕಂಬಳಿ ಹೊದ್ದು ಸಾಲಾಗಿ ಮೊಣಕಾಲೂರಿದೆವು. ಡಮರುಗ ನುಡಿಯಿತು. ಊರೆಲ್ಲ ಸೇರಿತ್ತು. ಗೌಡ ಒಂದು ಮುಷ್ಟಿ ತೆಗೆದು ಬೂದಿಯ ಮುಂದೆ ಕೈ ಚಾಚಿದ. ತುಪ್ಪ, ಬೆಲ್ಲ, ರೊಟ್ಟಿ. ಅದೇ ಉಂಡೆ, ಅದೇ ಕೈ.

ಬೂದಿ ಕೈ ನೋಡಿದಳು. ಮುಖ ನೋಡಿದಳು. ಅವನ ಗಂಟಲು ನೋಡುತ್ತ ಕೂತಳು.

"ಬಾ, ಬೂದಿ, ಬಾ" ಎಂದ ಗೌಡ. ಆಮೇಲೆ "ತಿನ್ನಲೇ" ಎಂದು ಗದರಿದ. ಆಮೇಲೆ ಮೆಲ್ಲಗೆ, "ತಿನ್ನವ್ವಾ, ನಮ್ಮವ್ವಾ" ಎಂದ. ಒಬ್ಬ ಪಾಟೀಲ ನಾಯಿಗೆ ಅವ್ವಾ ಎಂದದ್ದನ್ನು ಮೂರೂರಿನವರು ಕೇಳಿದರು. ಬೂದಿ ಎದ್ದು ಹೋಗಿ ಅವನದೇ ಗಾಡಿಯ ನೆರಳಲ್ಲಿ ಮಲಗಿಕೊಂಡಳು. ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ, "ನಾಯೀಗೆ ನೆನಪೈತಿ" ಎಂದರು. ಅದೊಂದೇ ಮಾತು.

ಬಿಸಿಲು ಏರಿತು. ಹಾಲು ಒಡೆಯಿತು, ನೊಣ ಮುತ್ತಿದವು. ನಾವು ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ. ನಮ್ಮಲ್ಲಿ ಹಿರಿಯನಾದ ಗ್ಯಾನಪ್ಪ ತಲೆ ಸುತ್ತಿ ಕಂಬಳಿಯ ಮೇಲೆ ಉರುಳಿದ. ಹೊತ್ತು ಮುಳುಗುವ ಮುಂಚೆ ದೋಣಿಯನ್ನು ಹಳ್ಳಕ್ಕೆ ಸುರಿದು, ಬೊಗಳದೆ, ಹಸಿದು ಎದ್ದು ಬಂದೆವು. ನನ್ನ ಜನ್ಮದಲ್ಲಿ ಇಂಥದ್ದು ಕಂಡಿಲ್ಲ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. 'ನೀವು ಮೊದಲು ತಿನ್ನಿ' ಎಂದು ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದು ನಿನ್ನ ಆಣೆಗೆ ಹಿಂದೆ ಹೋಯಿತು. ಅವನಿಗೆ ತಾನಾಗಿ ಹೊಳೆಯಲಿಲ್ಲ. ನಾಯಿಯ ಬಾಯಿಗೆ ಇಡುವುದನ್ನು ತಾನು ತಿನ್ನುವುದೆಂದರೆ ಅವನ ತಲೆಗೆ ಬರುವ ಮಾತೇ ಅಲ್ಲ. ಹುಣ್ಣಿಮೆಯೊಳಗೆ ಇನ್ನೊಂದೇ ಸಲ ದೋಣಿ ತುಂಬಿಸಲು ಅವಕಾಶವಿದೆ. ಅಕ್ಕಾ, ನಿನ್ನ ಸೇಡಿನ ದೋಣಿಯಲ್ಲಿ ನಮ್ಮ ಹಸಿವನ್ನು ಯಾಕೆ ಕಲಸುತ್ತೀ? ಆಣೆ ಬಿಡಿಸು.

ದ್ಯಾವಪ್ಪ

*

ನವಿಲಮರಡಿ
ಮಾಘ ಶುದ್ಧ ಚೌತಿ, ಫಸಲಿ 1349

ತಮ್ಮನಿಗೆ.

ಗ್ಯಾನಪ್ಪನಿಗೆ ಒಂದು ಹಾಲು ಕರೆಯುವ ಕುರಿ ಕಳಿಸಿದ್ದೇನೆ. ನಿಮ್ಮ ಹಸಿವಿಗೆ ನನ್ನ ತಲೆ ಬಾಗಿದೆ.

ಆಣೆ ಬಿಡಿಸುವುದಿಲ್ಲ.

ಗೌಡ ಆದಿತ್ಯವಾರದ ಮರುದಿನವೂ ಬಂದ. "ಏನು ಮಾಡಿದರ ತಿಂತೈತಿ, ಹೇಳಬೇ" ಎಂದು ಕೇಳಿದ. ದನಿಯಲ್ಲಿ ಅಳು ಇತ್ತು. ಅವನ ಮುಂದೆಯೇ ರೊಟ್ಟಿ ಮುರಿದು, ನಾನು ಒಂದು ತುತ್ತು ತಿಂದು, ಬೂದಿಗೆ ಕೊಟ್ಟೆ. ತಿಂದಳು. ಹಸೀನಾಬೀ ತಿಂದು ಕೊಟ್ಟಳು. ಲಾಲಪ್ಪ ತಿಂದು ಕೊಟ್ಟ. ಇಷ್ಟು ದಿನದಿಂದ ಅವನ ಕಣ್ಣೆದುರೇ ದಿನವೂ ನಡೆಯುತ್ತದೆ, ನೋಡುವುದಿಲ್ಲ. ಬಡವರು ಹಸಿದು ನಾಯಿಯ ರೊಟ್ಟಿ ತಿನ್ನುತ್ತಾರೆಂದು ತಿಳಿದಿದ್ದಾನೆ.

ನಾನು ಬಚ್ಚಿಟ್ಟಿಲ್ಲ. ಹೇಳಿಲ್ಲ, ಅಷ್ಟೇ. ನನ್ನ ಬಾಯಿಂದ ಒಮ್ಮೆ ಅವನಿಗೆ ಬೇಕಾದ ಮಾತು ಆಡಿಸಿಕೊಂಡ. ಇನ್ನೊಂದು ಮಾತು ಈ ಬಾಯಿಂದ ಅವನಿಗೆ ಸಿಗುವುದಿಲ್ಲ.

ಯಮನಮ್ಮ, ಬೆರಳೊತ್ತು

*

ಲಿಂಗಸುಗೂರು
ಭಾರತ ಹುಣ್ಣಿಮೆಯ ಮರುದಿನ, ಫಸಲಿ 1349

ಅಕ್ಕನಿಗೆ ಶರಣು.

ಎರಡನೆಯ ದೋಣಿಯ ದಿನ ನಿನ್ನನ್ನು ನೋಡಿದೆ. ಬೇವಿನ ಹಿಂದೆ ಸೆರಗು ಮುಚ್ಚಿ ನಿಂತಿದ್ದೆ. ಮುಗಿದ ಮೇಲೆ ಹುಡುಕಿದೆ, ನೀನು ಹೋಗಿಬಿಟ್ಟಿದ್ದೆ. ದೂರ ನಿಂತಿದ್ದರಿಂದ ನಿನಗೆ ಕೇಳಿಸದೆ ಇದ್ದದ್ದನ್ನು ಬರೆಯುತ್ತೇನೆ.

ಗೌಡ ಕೈ ಚಾಚಿ ಸೋತಿದ್ದ, ಮುಷ್ಟಿಯ ತುಪ್ಪ ಮೊಣಕೈಯಿಂದ ಇಳಿಯುತ್ತಿತ್ತು. ದಾಯಾದಿ ಜನರ ಕಡೆ ತಿರುಗಿ, "ಏಳ್ರಪ್ಪಾ, ದೇವರಿಗೆ ಒಪ್ಪಿಗಿಲ್ಲ" ಎಂದ. ಆಗ ವಾಡೆಯ ಬಾಗಿಲಿನಿಂದ ಸೊಸೆ ಗದ್ದೆಮ್ಮ ಇಳಿದು ಬಂದಳು. ಗಂಡಸರ ನಡುವೆ ಅವಳು ಬಂದದ್ದನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ.

"ಒಳಗ ನಡಿ" ಎಂದ ಗೌಡ.

"ಮಾವರ, ಈ ಮನಿ ಉಂಡಿ ಅಂದ್ರ ಬೂದಿ ಹೆದರತೈತ್ರಿ" ಎಂದಳು. ಮೆಲ್ಲಗೆ, ಮರ್ಯಾದೆಯಿಂದ. ಆದರೆ ಎಲ್ಲರಿಗೂ ಕೇಳಿಸಿತು.

ದೋಣಿಯಿಂದ ಒಂದು ತುತ್ತು ತೆಗೆದಳು. ಬೂದಿಯ ಮುಂದೆ ಮಣ್ಣಿನಲ್ಲಿ ಕೂತು, ತಾನು ತಿಂದಳು. ಬೂದಿ ಅವಳ ಗಂಟಲು ನೋಡಿದಳು. ಗದ್ದೆಮ್ಮ ನುಂಗಿದಳು, ಬಾಯಿ ತೆರೆದು ತೋರಿಸಿದಳು. ಮತ್ತೆ ಅದೇ ಕೈ ಚಾಚಿದಳು.

ಬೂದಿ ತಿಂದಳು ಅಕ್ಕಾ. ಬೆರಳ ಸಂದಿಯ ತುಪ್ಪವನ್ನೂ ನೆಕ್ಕಿದಳು.

ನಾವು ಬೊಗಳಿದೆವು. ಎರಡೂ ದೋಣಿಗಳ ಹಸಿವು ಕೂಡಿ ಬೊಗಳಿದೆವು. ನನ್ನ ದನಿಯಲ್ಲಿ ಹಂಡ್ಯಾನ ದನಿ ಬಂದಹಾಗಾಯಿತು. ನಿನಗೆ ಕೇಳಿಸಿತೋ ಇಲ್ಲವೋ. ಗ್ಯಾನಪ್ಪ ಗದ್ದೆಮ್ಮನ ಹಣೆಗೆ ಭಂಡಾರ ಹಚ್ಚಿ, "ಗದ್ದೆಮ್ಮನ ದೋಣಿ" ಎಂದು ಕೂಗಿದ. ಇನ್ನು ಆ ಮನೆಯಲ್ಲಿ ದೇವರ ಹೇಳಿಕೆ ಹೋಗುವುದು ಅವಳ ಹೆಸರಿಗೆ. ನಾವು ಉಂಡು ದೋಣಿ ಬರಿದು ಮಾಡುವ ಮುಂಚೆಯೇ ದಾಯಾದಿ ಹೋಗಿದ್ದ.

ಗೌಡ ನಿಂತೇ ಇದ್ದ. ಆಮೇಲೆ ನನ್ನ ಹತ್ತಿರ ಬಂದು, "ಬರೇ ಇಷ್ಟ ಏನೋ?" ಎಂದ.

"ಇಷ್ಟ ರೀ" ಎಂದೆ.

"ನನಗ್ಯಾಕ ಯಾರೂ ಹೇಳಲಿಲ್ಲ?"

ಅವನು ಎಲ್ಲರ ಮುಂದೆ ಮೊಣಕಾಲೂರಿ ದೋಣಿಗೆ ಕೈ ಹಾಕಿದ, ತಾನೂ ಒಂದು ತುತ್ತು ತಿನ್ನಬೇಕೆಂದು. ನಾನು, "ಮುಗೀತ್ರಿ ಗೌಡ್ರ. ದೋಣಿ ಖಾಲಿ ಐತಿ" ಎಂದೆ.

ಇದು ನಿನ್ನ ಪರವಾಗಿ ನಾನು ಆಡಿದ ಮಾತು. ಇನ್ನಾದರೂ ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ತಮ್ಮ
ದ್ಯಾವಪ್ಪ

*

ನವಿಲಮರಡಿ
ಮಾಘ ಬಹುಳ ದಶಮಿ, ಫಸಲಿ 1349

ತಮ್ಮ ದ್ಯಾವಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಬೊಗಳು ಕೇಳಿಸಿತು. ಅದಕ್ಕೇ ನಿಲ್ಲದೆ ಬಂದೆ.

ನಾಯಿಗಳ ಮೇಲಿನ ಕಂಬಳಿ ತೆಗೆದಿದ್ದೇನೆ. ಈಗ ಬೀದಿಯಲ್ಲೇ ಮಲಗುತ್ತವೆ. ದುರುಗಪ್ಪನಿಗೆ ಕೆಮ್ಮು ವಾಸಿಯಾಗಿದೆ. ಗದ್ದೆಮ್ಮ ಮಜ್ಜಿಗೆಯನ್ನು ಗೋಡೆಯ ಮೇಲೆ ಇಡುವುದಿಲ್ಲ, ಮುಂಬಾಗಿಲಿನಿಂದ ತರುತ್ತಾಳೆ. 'ಪಾಟೀಲ' ಎಂಬ ನಾಯಿ ನನ್ನ ಕುರಿಯ ಹಿಂದೆ ಹೋಗಲು ಕಲಿಯುತ್ತಿದೆ. ದಡ್ಡ. ಆದರೆ ಮರಿ ಕದಿಯುವುದಿಲ್ಲ.

ಹರಕೆ ಮುಗಿದ ಮೇಲೆ ಗೌಡ ಬರುವುದಿಲ್ಲವೆಂದು ತಿಳಿದಿದ್ದೆ. ನಿನ್ನೆ ಬಂದ. ಯಾರೂ ಕರೆದಿರಲಿಲ್ಲ, ನೋಡುವವರೂ ಇರಲಿಲ್ಲ. ಮಡಿಲಲ್ಲಿ ಬರೀ ಜೋಳದ ರೊಟ್ಟಿ. ಬೂದಿಯ ಮುಂದೆ ಕೂತು, ಮುರಿದು, ತಾನು ತಿಂದು ನುಂಗಿದ. ಸೊಸೆಯ ಹಾಗೆ ಬಾಯಿ ತೆರೆದು ತೋರಿಸಿದ. ಕೈ ಚಾಚಿದ.

ಬೂದಿ ಗಂಟಲು ನೋಡಿದಳು. ನುಂಗಿದ್ದನ್ನು ನೋಡಿದಳು. ಎದ್ದು ಹೋಗಿ ಮುದುಕಮ್ಮನ ಪಕ್ಕ ಮಲಗಿದಳು.

"ತಿಂದೆನಲ್ಲಬೇ?" ಎಂದ.

"ತಿಂದ್ರಿ."

"ಮತ್ತ್ಯಾಕ?"

"ನನಗೂ ಗೊತ್ತಿಲ್ರಿ ಗೌಡ್ರ. ಇದು ನಾ ಕಲಿಸಿದ್ದಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಯಿತು. ಸುಳ್ಳು ಯಾಕೆ ಬರೆಸಲಿ. ಆದರೆ ಅವನು ಏಳುವಾಗ ಮೊಣಕಾಲು ಹಿಡಿದುಕೊಂಡದ್ದನ್ನು ನೋಡಿ ನಮ್ಮ ಅಪ್ಪ ಏಳುತ್ತಿದ್ದದ್ದು ನೆನಪಾಯಿತು. ಆ ನೆನಪು ನನಗೆ ಬೇಕಿರಲಿಲ್ಲ.

"ಬೋಗುಣಿ ತೊಳದಿಟ್ಟು ಹೋಗ್ರಿ. ನಾಳೆ ಬರ್ರಿ" ಎಂದೆ.

ತೊಳೆದ. ಇವತ್ತೂ ಬಂದ. ಬೂದಿ ಇವತ್ತೂ ತಿನ್ನಲಿಲ್ಲ.

ಎಣ್ಣೆ ಹಚ್ಚಿಕೊಂಡಿದ್ದೇನೆ. ಸಿಟ್ಟು ಹಾಗೇ ಇದೆ. ನೀನು ಊಟಕ್ಕೆ ಬಾ.

ನಿನ್ನ ಅಕ್ಕ
ಯಮನಮ್ಮ, ಬೆರಳೊತ್ತು

*

ಲಾಲ್‌ಬೀ ಇಷ್ಟು ಹೇಳಿ ಬುತ್ತಿಯ ಅರಿವೆ ಕೊಡವಿದಳು. ಹೆಂಟೆ ಎತ್ತಿದ್ದಾಕೆ, "ಕೊನೀಗಾದ್ರೂ ತಿಂತೇನಬೇ ಬೂದಿ?" ಎಂದು ಕೇಳಿದಳು. "ಬೂದಿ ಸಾಯೂತನಕ ಗೌಡ್ರು ದಿನಾ ಹೋಗ್ಯಾರ. ಅಷ್ಟ ನನಗ ಗೊತ್ತು" ಎಂದು ಲಾಲ್‌ಬೀ ಎದ್ದಳು.

ಅವರು ಕೂತಿದ್ದ ಹೊಲ ಗದ್ದೆಮ್ಮನದು. ಅವಳ ಮಾವ ಅಮರೇಗೌಡ ಆಗ ಹಣ್ಣಾದ ಮುದುಕ. ಹತ್ತಿ ಬಿಡಿಸುವವರಿಗೆ ಬೆಳಿಗ್ಗೆ ಬೆಲ್ಲ, ಪುಟಾಣಿ ಹಂಚುವ ಕೆಲಸ ಮಾತ್ರ ಅವನಿಗೆ ಉಳಿದಿತ್ತು. ಮರುದಿನ ಬೆಳಿಗ್ಗೆಯೂ ಕೋಲೂರಿಕೊಂಡು ಬದುವಿನ ಮೇಲೆ ಬಂದ. ಬುಟ್ಟಿಯಿಂದ ಒಂದು ಹಿಡಿ ತೆಗೆದು ಕೈ ಚಾಚಿದ.

ಹೆಂಗಸರು ಸಾಲಾಗಿ ನಿಂತರು. ಯಾರೂ ಕೈ ಒಡ್ಡಲಿಲ್ಲ. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.